ಪ್ಯಾರಾಕಾರ್ಡ್ ಕೈಪಟ್ಟಿ ಕೈಕೊಟ್ಟಾಗ: ದೋಷ ಎಲ್ಲಿದೆ, ಹುಡುಕುವುದು ಹೇಗೆ

ಕೊಡಚಾದ್ರಿ ಇಳಿಯುವಾಗ ಗೆಳೆಯನ ಬೂಟಿನ ಅಟ್ಟೆ ಕಿತ್ತು ಬಂತು. ಜುಲೈ ತಿಂಗಳು, ಬಿಡದ ಮಳೆ, ಕಾಲ ತುಂಬ ಇಂಬಳ (ಜಿಗಣೆ). ಅವನ ಕೈಯಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಪ್ಯಾರಾಕಾರ್ಡ್ ಕೈಪಟ್ಟಿ ಇತ್ತು. ಗಟ್ಟಿ ದಾರದಿಂದ ಹೆಣೆದು, ಬೇಕಾದಾಗ ಬಿಚ್ಚಿ ಹಗ್ಗವಾಗಿ ಬಳಸಲೆಂದು, ಇಂಥ ಹೊತ್ತಿಗೆಂದೇ ಕಟ್ಟಿಕೊಳ್ಳುವ ಪಟ್ಟಿ ಅದು. ಒಂದು ಬಂಡೆಯ ಮೇಲೆ ಕೂತು ಬಿಚ್ಚಲು ಶುರು ಮಾಡಿದ. ತುದಿಯೇ ಸಿಗಲಿಲ್ಲ. ಕಟ್ಟಿದವರು ತುದಿಯನ್ನು ಕರಗಿಸಿ ಕೊನೆಯ ಎರಡು ಗಂಟುಗಳ ಮೇಲೆಯೇ ಮೆತ್ತಿದ್ದರು. ಉಗುರು ಹಾಕಿದ್ದಾಯಿತು, ಹಲ್ಲು ಹಾಕಿದ್ದಾಯಿತು. ಕಾಲು ಗಂಟೆ ಕಳೆದ ಮೇಲೆ ಚಾಕು ತೆಗೆದು ಕೊಯ್ದೆವು. ಸಿಕ್ಕಿದ್ದು ಗೇಣುದ್ದದ ತುಂಡುಗಳು. ಅವುಗಳ ಒಳಗೆ ನೋಡಿದರೆ ಎಳೆಗಳೇ ಇರಲಿಲ್ಲ, ಹತ್ತಿಯಂಥ ನಾರು ತುರುಕಿತ್ತು. ಅಟ್ಟೆಯನ್ನು ಕೊನೆಗೆ ನನ್ನ ಚೀಲದಲ್ಲಿದ್ದ ಗೋಣಿ ದಾರದಿಂದ ಬಿಗಿದು ಕೆಳಗೆ ಇಳಿದೆವು.

ಆ ಕೈಪಟ್ಟಿ ನೋಡಲು ಚೆನ್ನಾಗಿಯೇ ಇತ್ತು. ಅದಕ್ಕೇ ಹೇಳುತ್ತಿದ್ದೇನೆ, ಇದರ ದೋಷ ಹೆಚ್ಚಿನ ಸಲ ಕಣ್ಣಿಗೆ ಬೀಳುವುದಿಲ್ಲ. ಬಿಚ್ಚಿದಾಗ ಮಾತ್ರ ಗೊತ್ತಾಗುತ್ತದೆ. ಬಿಚ್ಚಿ ನೋಡುವ ಕೆಲಸವನ್ನು ಮನೆಯ ಜಗಲಿಯಲ್ಲಿ ಕೂತು ಮಾಡಬೇಕು, ಕಾಡಿನಲ್ಲಿ ಅಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ರಜೆಯಲ್ಲಿ ಬರುವ ಮಕ್ಕಳಿಗೆ ಈ ಹೆಣಿಗೆ ಹೇಳಿಕೊಡುತ್ತೇನೆ. ಅವರು ತಂದು ತೋರಿಸುವ ಕೆಟ್ಟ ಪಟ್ಟಿಗಳಿಂದ ನಾನು ಕಲಿತದ್ದು ಇಲ್ಲಿದೆ.

ಎರಡು ಹೆಸರು ಮೊದಲೇ ಹೇಳಿಬಿಡುತ್ತೇನೆ. ಕೈಪಟ್ಟಿಯ ಮಧ್ಯೆ ಸುಮ್ನೆ ಉದ್ದಕ್ಕೆ ನಿಲ್ಲುವ ಎರಡು ದಾರಗಳನ್ನು ನಡುದಾರ ಎನ್ನುತ್ತೇನೆ. ಅವುಗಳ ಸುತ್ತ ಗಂಟು ಹಾಕುತ್ತಾ ಹೋಗುವ ಎರಡನ್ನು ಪಕ್ಕದ ದಾರ ಎನ್ನುತ್ತೇನೆ. ಒಳ ಎಳೆ ಎಂದರೆ ಬೇರೆ, ಅದು ದಾರದ ಹೊಟ್ಟೆಯೊಳಗೆ ಇರುವುದು. ಎಲ್ಲರೂ ಮೊದಲು ಕಲಿಯುವ ಕೋಬ್ರಾ ಹೆಣಿಗೆಯನ್ನೇ ಲೆಕ್ಕಕ್ಕೆ ಹಿಡಿದಿದ್ದೇನೆ.

ಮೊದಲು ದಾರವನ್ನೇ ಅನುಮಾನಿಸಿ

ಹೆಣಿಗೆ ಎಷ್ಟೇ ಚೆಂದ ಇದ್ದರೂ ದಾರ ಸುಳ್ಳಾದರೆ ಎಲ್ಲ ಸುಳ್ಳು. ಅಂಗಡಿಯಲ್ಲಿ '550 ಪ್ಯಾರಾಕಾರ್ಡ್' ಎಂದು ಕೇಳಿದರೆ ಎರಡು ಮೂರು ಬಗೆಯ ದಾರ ಕೊಡುತ್ತಾರೆ. ಹೊರಗಿನಿಂದ ಎಲ್ಲವೂ ಒಂದೇ ಥರ. 550 ಎಂದರೆ 550 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 250 ಕೆ.ಜಿ. ಅಷ್ಟು ಎಳೆತವನ್ನು ಅದು ಹರಿಯದೆ ತಡೆಯಬೇಕು. ದಪ್ಪ ಸುಮಾರು 4 ಮಿ.ಮೀ. ಪ್ಯಾರಾಚೂಟಿಗೆ ಕಟ್ಟಲು ನೈಲಾನಿನಲ್ಲಿ ಮಾಡಿದ ದಾರ ಇದು, ಅಲ್ಲಿಂದಲೇ ಆ ಹೆಸರು.

ಪರೀಕ್ಷೆ ಸುಲಭ. ತುದಿಯಿಂದ ಎರಡು ಇಂಚು ಕತ್ತರಿಸಿ, ಹೊರಗಿನ ಹೆಣೆದ ಚೀಲವನ್ನು ಹಿಂದಕ್ಕೆ ಜರುಗಿಸಿ. ಒಳಗೆ ಬಿಡಿಬಿಡಿಯಾಗಿ 7 ಎಳೆ ಕಾಣಬೇಕು. ಒಂದೊಂದು ಎಳೆಯನ್ನೂ ತಿರುಚು ಬಿಚ್ಚಿ ನೋಡಿ. ಅದರೊಳಗೆ ಮತ್ತೆ ಎರಡೋ ಮೂರೋ ಸಣ್ಣ ನೂಲು ಹುರಿಗೊಂಡಿರುತ್ತವೆ. ಸೈನ್ಯದ ಅಳತೆಯ ದಾರದಲ್ಲಿ ಮೂರು, ಪೇಟೆಯಲ್ಲಿ ಸಿಗುವ ಹೆಚ್ಚಿನವುಗಳಲ್ಲಿ ಎರಡು. ಎರಡಿದ್ದರೂ ತೊಂದರೆ ಇಲ್ಲ. ಎಳೆಗಳ ಬದಲು ಹುರಿಯೇ ಇಲ್ಲದ ನಾರಿನ ಕಂತೆ ಸಿಕ್ಕರೆ ಅದು ಅಲಂಕಾರದ ದಾರ. ಕೀ ಗೊಂಚಲಿಗೆ ಇಟ್ಟುಕೊಳ್ಳಿ.

ಒಳ ಎಳೆಗೆ ಇಷ್ಟು ಮಹತ್ವ ಯಾಕೆಂದರೆ, ಕಾಡಿನಲ್ಲಿ ಇಡೀ ದಾರಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ಅದೇ. ಒಂದು ಎಳೆ ಹತ್ತು ಹದಿನೈದು ಕೆ.ಜಿ. ಎಳೆತಕ್ಕೆ ಜಗ್ಗುವುದಿಲ್ಲ. ಹರಿದ ಚೀಲ ಹೊಲಿಯಲು, ಗಾಯಕ್ಕೆ ಸುತ್ತಿದ ಬಟ್ಟೆ ಕಟ್ಟಲು, ಟಾರ್ಪಾಲಿನ ಮೂಲೆ ಬಿಗಿಯಲು ಅದು ಸಾಕು. ಒಂದು ಕೈಪಟ್ಟಿಯಲ್ಲಿ ಮೂರು ಮೀಟರಿನ ಹತ್ತಿರ ದಾರ ಇದೆ ಎಂದುಕೊಳ್ಳಿ. ಒಳಗಿನ 7 ಎಳೆ ಬಿಡಿಸಿದರೆ ಇಪ್ಪತ್ತು ಮೀಟರ್ ದಾಟುತ್ತದೆ. ನಾರು ತುಂಬಿದ ದಾರದಲ್ಲಿ ಈ ಇಪ್ಪತ್ತು ಮೀಟರ್ ಇಲ್ಲವೇ ಇಲ್ಲ.

ಎರಡನೆಯದು ಬೆಂಕಿ ಪರೀಕ್ಷೆ. ಅಂಗಳದಲ್ಲಿ, ಇಕ್ಕಳದಲ್ಲಿ ಹಿಡಿದು, ಒಂದು ಇಂಚಿನ ತುಂಡಿಗೆ ಲೈಟರ್ ತೋರಿಸಿ. ನೈಲಾನ್ ಆದರೆ ಬೆಂಕಿಯಿಂದ ಹಿಂದೆ ಸರಿದು ಮುದುಡಿ ಕರಗುತ್ತದೆ, ಹೊಗೆ ಬೆಳ್ಳಗೆ. ಪಾಲಿಯೆಸ್ಟರ್ ಕೂಡ ಕರಗುತ್ತದೆ, ಆದರೆ ಹೊಗೆ ಕಪ್ಪು, ಮಸಿ ಹಿಡಿಯುತ್ತದೆ. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಮೇಣದಬತ್ತಿಯ ವಾಸನೆ ಬಂದರೆ ಅದು ಪಾಲಿಪ್ರೊಪಿಲೀನ್. ಅನುಮಾನ ಉಳಿದರೆ ಬಕೆಟ್ ನೀರಿನಲ್ಲಿ ಮುಳುಗಿಸಿ, ಗಾಳಿ ಹೋಗುವ ಹಾಗೆ ಹಿಂಡಿ ಬಿಡಿ. ನೈಲಾನ್, ಪಾಲಿಯೆಸ್ಟರ್ ಎರಡೂ ಮುಳುಗುತ್ತವೆ. ಪಾಲಿಪ್ರೊಪಿಲೀನ್ ತೇಲುತ್ತದೆ. ಕರಗಿದ ಹನಿ ಚರ್ಮಕ್ಕೆ ಬಿದ್ದರೆ ಅಲ್ಲೇ ಅಂಟಿಕೊಂಡು ಸುಡುತ್ತದೆ. ಮಕ್ಕಳ ಕೈಗೆ ಇದನ್ನು ಕೊಡಬೇಡಿ.

ಪಾಲಿಯೆಸ್ಟರ್ ಎಂದು ಗೊತ್ತಾದರೆ ಎಸೆಯಬೇಕೇ? ಬೇಡ. ನೈಲಾನ್ ನೀರು ಕುಡಿಯುತ್ತದೆ, ಒದ್ದೆಯಾದಾಗ ಬಲ ಸ್ವಲ್ಪ ಇಳಿಯುತ್ತದೆ, ಹಿಗ್ಗುವುದು ಜಾಸ್ತಿಯಾಗುತ್ತದೆ. ಪಾಲಿಯೆಸ್ಟರ್ ನೀರನ್ನು ಅಷ್ಟಾಗಿ ಹೀರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ. ಅಂಥ ಕಡೆ ಓಡಾಡುವವರಿಗೆ ಒಳ್ಳೆಯ ಪಾಲಿಯೆಸ್ಟರ್ ದಾರ ಒಳ್ಳೆಯ ಆಯ್ಕೆಯೇ. ಒಳಗೆ ಎಳೆ ಇರಬೇಕು, ಅಷ್ಟೇ.

ಪಟ್ಟಿ ಹಾವಿನ ಹಾಗೆ ಸುತ್ತಿಕೊಳ್ಳುತ್ತದೆ

"ಮಾವ, ನಾನು ನೇರವಾಗೇ ಹೆಣೆದೆ, ಇದು ಯಾಕೆ ತಿರುಚಿಕೊಳ್ತಾ ಇದೆ?" ತಂಗಿಯ ಮಗಳು ಕಳೆದ ಬೇಸಿಗೆಯಲ್ಲಿ ಕೇಳಿದ್ದು. ಹೊಸಬರ ಕೈಯಲ್ಲಿ ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು ಇದು.

ಕಾರಣ ಒಂದೇ. ಪ್ರತಿ ಸಲವೂ ಒಂದೇ ಬದಿಯಿಂದ ಶುರು ಮಾಡಿದ್ದಾರೆ. ಕೋಬ್ರಾ ಹೆಣಿಗೆ ಎಂದರೆ ಬೇರೇನೂ ಅಲ್ಲ, ಸ್ಕೌಟ್ಸ್‌ನಲ್ಲಿ ಮೊದಲ ದಿನ ಕಲಿಸುವ ರೀಫ್ ಗಂಟು. ಬಲ ಎಡದ ಮೇಲೆ, ಆಮೇಲೆ ಎಡ ಬಲದ ಮೇಲೆ. ಅದನ್ನೇ ಎರಡು ನಡುದಾರಗಳ ಸುತ್ತ ಮತ್ತೆ ಮತ್ತೆ ಹಾಕುತ್ತೇವೆ. ಎರಡನೇ ಸಲವೂ ಬಲವನ್ನೇ ಎಡದ ಮೇಲೆ ತಂದರೆ ರೀಫ್ ಗಂಟು ಅಡ್ಡಾದಿಡ್ಡಿ ನಿಂತು ಜಾರುತ್ತದೆ, ಅಲ್ವಾ? ಇಲ್ಲಿ ಜಾರುವ ಬದಲು ತಿರುಚಿಕೊಳ್ಳುತ್ತದೆ.

ಸರಿಯಾದ ಕ್ರಮ ಹೀಗೆ. ಎಡದ ದಾರವನ್ನು ನಡುದಾರಗಳ ಮುಂದಿನಿಂದ ಬಲಕ್ಕೆ ತನ್ನಿ. ಬಲದ ದಾರವನ್ನು ಅದರ ಮೇಲೆ ಇಳಿಸಿ, ನಡುದಾರಗಳ ಹಿಂದಿನಿಂದ ಎಡಕ್ಕೆ ಒಯ್ದು, ಎಡಗಡೆಯ ಕುಣಿಕೆಯೊಳಗಿಂದ ಮುಂದಕ್ಕೆ ಎಳೆಯಿರಿ. ಬಿಗಿಯಿರಿ. ಇದು ಅರ್ಧ ಗಂಟು. ಈಗ ಬಲಗಡೆಯಿಂದ ಇದನ್ನೇ ಮಾಡಿ. ಎರಡೂ ಸೇರಿದರೆ ಒಂದು ಗಂಟು.

ಈಗ ಯಾವ ಬದಿಯ ಸರದಿ ಎಂದು ಮರೆತರೆ ಏನು ಮಾಡುವುದು? ಮಳೆಗಾಲದಲ್ಲಿ ನಮ್ಮ ಕಡೆ ಹೆಣೆಯುತ್ತಾ ಕೂತವರಿಗೆ ಇದು ಆಗಿಯೇ ಆಗುತ್ತದೆ. ಕರೆಂಟ್ ಹೋಗುತ್ತದೆ, ಕೆಳಗಿಟ್ಟು ಏಳುತ್ತೇವೆ, ಬಂದು ನೋಡಿದರೆ ನೆನಪಿಲ್ಲ. ಉತ್ತರ ಗಂಟಿನಲ್ಲೇ ಇದೆ. ಕೊನೆಯ ಅರ್ಧ ಗಂಟಿನ ಒಂದು ಬದಿಯಲ್ಲಿ ಮೇಲಿಂದ ಕೆಳಕ್ಕೆ ನಿಂತ ಒಂದು ಸಣ್ಣ ಉಬ್ಬು ಇರುತ್ತದೆ. ಆ ಉಬ್ಬಿನ ಅಡಿಯಿಂದ ಒಂದು ದಾರ ಹೊರಗೆ ಬಂದಿರುತ್ತದೆ. ಮುಂದಿನ ಸರದಿ ಅದರದ್ದು. ಅದೇ ದಾರ ಮುಂದಿನಿಂದ ಹಾಯಬೇಕು. ಕಣ್ಣಿಗೆ ಕಾಣದಿದ್ದರೆ ಹೆಬ್ಬೆರಳಿಂದ ಮುಟ್ಟಿದರೂ ಸಿಗುತ್ತದೆ. ಕತ್ತಲಲ್ಲಿ ನಾನು ಹಾಗೇ ಹೆಣೆಯುವುದು.

ಆಗಲೇ ಮುಗಿದ ಪಟ್ಟಿಯಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಲೂ ಇದೇ ದಾರಿ. ಎರಡೂ ಅಂಚಿನ ಉಬ್ಬುಗಳ ಮೇಲೆ ಉಗುರು ಎಳೆಯುತ್ತಾ ಹೋಗಿ. ಬಲ, ಎಡ, ಬಲ, ಎಡ ಎಂದು ಬರಬೇಕು. ಒಂದೇ ಬದಿಯಲ್ಲಿ ಎರಡು ಉಬ್ಬು ಬೆನ್ನುಬೆನ್ನಿಗೆ ಸಿಕ್ಕರೆ ತಪ್ಪು ಅಲ್ಲೇ.

ಎರಡು ಬಣ್ಣದ ಪಟ್ಟಿಯಾದರೆ ಇನ್ನೂ ಸುಲಭ. ಸರಿಯಾಗಿ ಹೆಣೆದರೆ ನಡುದಾರದ ಮುಂದೆ ಹಾಯುವುದು ಯಾವಾಗಲೂ ಒಂದೇ ಬಣ್ಣ. ಇನ್ನೊಂದು ಬಣ್ಣ ಯಾವಾಗಲೂ ಹಿಂದೆ. ಹಸಿರು ಮುಂದೆ ಇದ್ದದ್ದು ಒಂದು ಕಡೆಯಿಂದ ಕಪ್ಪಾಗಿಬಿಟ್ಟರೆ, ಬಣ್ಣ ಬದಲಾದ ಜಾಗದಲ್ಲಿ ಒಂದೇ ಒಂದು ಸಲ ಸರದಿ ತಪ್ಪಿದೆ ಎಂದರ್ಥ. ಹಸಿರು, ಕಪ್ಪು, ಹಸಿರು, ಕಪ್ಪು ಎಂದು ಪ್ರತಿ ಸಾಲಿಗೂ ಬದಲಾಗುತ್ತಿದ್ದರೆ ಮೊದಲಿನಿಂದ ಕೊನೆಯವರೆಗೂ ಒಂದೇ ಬದಿಯಿಂದ ಹೆಣೆದಿದ್ದೀರಿ. ಅದಕ್ಕೇ ಕಲಿಯುವವರಿಗೆ ನಾನು ಮೊದಲ ಪಟ್ಟಿಯನ್ನು ಎರಡು ಬಣ್ಣದಲ್ಲೇ ಮಾಡಿಸುತ್ತೇನೆ. ತಪ್ಪು ತಾನಾಗಿ ಎದ್ದು ಕಾಣುತ್ತದೆ.

ಸರಿಪಡಿಸುವುದಕ್ಕೆ ತಪ್ಪಿನ ಜಾಗದವರೆಗೆ ಬಿಚ್ಚಲೇಬೇಕು. ಕೈಯಲ್ಲಿ ತಿರುಚಿ ನೇರ ಮಾಡಿದರೆ ಎರಡು ದಿನ ನೇರ ಇರುತ್ತದೆ, ಒದ್ದೆಯಾದ ಕೂಡಲೇ ಮತ್ತೆ ಹಳೇ ದಾರಿ ಹಿಡಿಯುತ್ತದೆ. ಗಂಟು ಸಡಿಲಿಸಲು ಬೆರಳಿಗಿಂತ ದಬ್ಬಳ ಒಳ್ಳೆಯದು. ಗೋಣಿ ಹೊಲಿಯುವ ಅದೇ ದಬ್ಬಳ, ತುದಿಯನ್ನು ಕಲ್ಲಿಗೆ ಉಜ್ಜಿ ಸ್ವಲ್ಪ ಮೊಂಡು ಮಾಡಿಕೊಳ್ಳಿ. ಚೂಪಾಗಿದ್ದರೆ ದಾರದ ಚೀಲವನ್ನು ತೂತು ಮಾಡಿ ಎಳೆಗಳನ್ನು ಹೊರಗೆಳೆಯುತ್ತದೆ.

ಬಾಳೆಹಣ್ಣಿನ ಹಾಗೆ ಒಂದು ಕಡೆಗೆ ಬಾಗಿದೆ

ಇದು ತಿರುಚಲ್ಲ, ಬಾಗು. ಎರಡು ಕಾರಣ ಇರಬಹುದು. ಪಟ್ಟಿಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು ಬಕಲ್‌ಗಳನ್ನು ನೋಡಿ. ಬಕಲ್ ಓರೆಯಾಗಿ ನಿಂತಿದ್ದರೆ ಎರಡು ನಡುದಾರಗಳ ಉದ್ದ ಒಂದೇ ಇಲ್ಲ. ಒಂದು ಬಿಗಿ, ಇನ್ನೊಂದು ಸಡಿಲ. ಬಕಲಿನ ಹತ್ತಿರದ ಕುಣಿಕೆಯನ್ನು ದಬ್ಬಳದಿಂದ ಎತ್ತಿ ನಡುದಾರವನ್ನು ಬಕಲಿನ ಕಂಬಿಯ ಸುತ್ತ ಜರುಗಿಸಿದರೆ ಸ್ವಲ್ಪ ಮಟ್ಟಿಗೆ ಸರಿಹೋಗುತ್ತದೆ. ಗಂಟುಗಳು ತುಂಬಾ ಬಿಗಿಯಾಗಿದ್ದರೆ ಜರುಗುವುದಿಲ್ಲ. ಆಗ ಬಿಚ್ಚಬೇಕು.

ಬಕಲ್‌ಗಳು ನೇರ ಇದ್ದು ಒಂದು ಅಂಚು ಮಾತ್ರ ನೆರಿಗೆ ಬಿದ್ದಂತಿದ್ದರೆ ಅದು ಕೈಯ ತಪ್ಪು. ಬಲಗೈಯವರು ಬಲಕ್ಕೆ ಜೋರಾಗಿ ಎಳೆಯುತ್ತಾರೆ, ಎಡಗೈ ಸುಮ್ನೆ ಹಿಡಿದಿರುತ್ತದೆ. ಎರಡೂ ದಾರವನ್ನು ಒಟ್ಟಿಗೆ, ಎರಡೂ ಪಕ್ಕಕ್ಕೆ ನೇರವಾಗಿ ಎಳೆಯಿರಿ. ಮೇಲಕ್ಕೂ ಬೇಡ, ಕೆಳಕ್ಕೂ ಬೇಡ. ಪ್ರತಿ ಐದಾರು ಗಂಟಿಗೆ ಒಮ್ಮೆ ನಡುದಾರ ಹಿಡಿದು ಗಂಟುಗಳನ್ನು ಮೇಲಕ್ಕೆ ತಳ್ಳಿ ಒತ್ತರಿಸಿ. ಗಂಟುಗಳ ನಡುವೆ ನಡುದಾರ ಇಣುಕುತ್ತಿದ್ದರೆ ಈ ತಳ್ಳುವ ಕೆಲಸ ಬಿಟ್ಟುಹೋಗಿದೆ.

ಅಳತೆ ತಪ್ಪಿದೆ

ಮಣಿಕಟ್ಟಿನ ಸುತ್ತಳತೆ 17 ಸೆಂ.ಮೀ. ಇದೆ, ಪಟ್ಟಿಯನ್ನೂ 17 ಸೆಂ.ಮೀ.ಗೆ ಹೆಣೆದೆ, ಆದರೂ ಹಾಕಲು ಬರುವುದಿಲ್ಲ. ಈ ದೂರು ಬಹಳ ಸಲ ಕೇಳಿದ್ದೇನೆ. ಪಟ್ಟಿಗೆ ದಪ್ಪ ಇದೆ. ಸುತ್ತಿದಾಗ ಒಳಗಿನ ಸುತ್ತಳತೆ ಕಡಿಮೆಯಾಗುತ್ತದೆ. ಕೋಬ್ರಾ ಹೆಣಿಗೆಗೆ ಮಣಿಕಟ್ಟಿನ ಅಳತೆಯ ಮೇಲೆ 2.5 ಸೆಂ.ಮೀ. ಸೇರಿಸಿ. ಅದರ ಮೇಲೆ ಇನ್ನೊಂದು ಪದರ ಹೆಣೆಯುವ ಕಿಂಗ್ ಕೋಬ್ರಾಗೆ 5 ಸೆಂ.ಮೀ. ಸೇರಿಸಿ. ಅಳೆಯುವಾಗ ಬಕಲಿನ ಉದ್ದವೂ ಲೆಕ್ಕಕ್ಕೆ ಬರಬೇಕು. ಒಳಗೆ ಹೋಗಿ ಕಚ್ಚಿಕೊಳ್ಳುವ ಕೊಂಡಿಯ ಉದ್ದ ಮಾತ್ರ ಬೇಡ.

ಮೊದಲು ಸರಿಯಾಗಿದ್ದು ಒಂದು ಮಳೆಗೆ ಬಿಗಿಯಾಗಿಬಿಟ್ಟರೆ ದಾರ ಕುಗ್ಗಿದೆ. ಹೊಸ ನೈಲಾನ್ ದಾರ ಮೊದಲ ಸಲ ನೆನೆದು ಒಣಗಿದಾಗ ಕುಗ್ಗುತ್ತದೆ. ಆದ್ದರಿಂದ ಹೆಣೆಯುವ ಮುಂಚೆ ದಾರವನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೆರಳಲ್ಲಿ ಪೂರ್ತಿ ಒಣಗಿಸಿ. ಮಲೆನಾಡಿನಲ್ಲಿ ಈ ಹೆಜ್ಜೆ ಬಿಡುವ ಹಾಗೇ ಇಲ್ಲ. ಬಯಲುಸೀಮೆಯ ಗೆಳೆಯರು ಇದಿಲ್ಲದೆ ವರ್ಷ ತಳ್ಳಬಹುದು, ನಮ್ಮಲ್ಲಿ ಜೂನ್ ದಾಟುವುದಿಲ್ಲ.

ಅರ್ಧಕ್ಕೇ ದಾರ ಮುಗಿದುಹೋದರೆ? ಪ್ರತಿ ಇಂಚು ಹೆಣಿಗೆಗೆ ಒಂದು ಅಡಿ ದಾರ, ಇದು ಕೋಬ್ರಾದ ಸಾಮಾನ್ಯ ಲೆಕ್ಕ. 8 ಇಂಚಿನ ಪಟ್ಟಿಗೆ 8 ಅಡಿ, ಹಿಡಿತಕ್ಕೆ ಎಂದು ಮೇಲೆ ಒಂದೆರಡು ಅಡಿ. ಒಟ್ಟು 3 ಮೀಟರ್ ಕತ್ತರಿಸಿಕೊಂಡರೆ ಸಾಕಾಗುತ್ತದೆ. ಜಾಸ್ತಿ ಬಿಗಿಯಾಗಿ ಹೆಣೆಯುವವರಿಗೆ ಗಂಟುಗಳು ಒತ್ತೊತ್ತಾಗಿ ಕೂತು ದಾರ ಇನ್ನೂ ಹೆಚ್ಚು ಹಿಡಿಯುತ್ತದೆ.

ಎರಡು ಬಣ್ಣದ ಪಟ್ಟಿ ಎಳೆದಾಗ ನಡುವೆ ತುಂಡಾಯಿತು

ಎರಡು ಬಣ್ಣದ ದಾರಗಳ ತುದಿಯನ್ನು ಕರಗಿಸಿ ಒಂದಕ್ಕೊಂದು ಒತ್ತಿ ಅಂಟಿಸುತ್ತಾರೆ. ಆ ಜೋಡಣೆ ಗಂಟಿನ ಒಳಗೆ ಮರೆಯಾಗಿ ಕೂರುತ್ತದೆ. ಪಟ್ಟಿಯಾಗಿ ಇರುವವರೆಗೆ ಏನೂ ಆಗುವುದಿಲ್ಲ. ಬಿಚ್ಚಿ ಹಗ್ಗವಾಗಿ ಎಳೆದರೆ ಅಲ್ಲಿಯೇ ಪಟ್ ಎನ್ನುತ್ತದೆ. 250 ಕೆ.ಜಿ. ತಡೆಯುವ ದಾರದಲ್ಲಿ ಬೆರಳಲ್ಲಿ ಮುರಿಯುವ ಒಂದು ಜಾಗ.

ಪರೀಕ್ಷೆ: ಪಟ್ಟಿಯನ್ನು ಒಂದು ಸಲ ಪೂರ್ತಿ ಬಿಚ್ಚಿ, ಎರಡು ಬಣ್ಣ ಸೇರುವ ಕಡೆ ಗಟ್ಟಿ ಉಂಡೆ ಇದೆಯೇ ಮುಟ್ಟಿ ನೋಡಿ. ಇದ್ದರೆ ಕತ್ತರಿಸಿಬಿಡಿ. ಬೆಸುಗೆಯೇ ಬೇಡ ಎಂದರೆ ಒಂದು ಬಣ್ಣವನ್ನು ನಡುದಾರಕ್ಕೂ ಪಕ್ಕದ ದಾರಕ್ಕೂ ಹೆಣೆದು, ಇನ್ನೊಂದು ಬಣ್ಣಕ್ಕೆ ಬಕಲಿನಲ್ಲಿ ಬೇರೆಯೇ ಕುಣಿಕೆ ಹಾಕಿ. ಬಿಚ್ಚಿದಾಗ ಎರಡು ಬಿಡಿ ಹಗ್ಗ ಸಿಗುತ್ತವೆ. ಬೇಕಾದರೆ ಅವೆರಡನ್ನು ಆಗ ಗಂಟು ಹಾಕಿಕೊಳ್ಳಬಹುದು. ಗಂಟಿನಿಂದಲೂ ಬಲ ಇಳಿಯುತ್ತದೆ, ಅರ್ಧದಷ್ಟು ಇಳಿದರೂ ಆಶ್ಚರ್ಯ ಇಲ್ಲ. ಆದರೂ ಬೆಸುಗೆಗಿಂತ ನೂರು ಪಾಲು ವಾಸಿ.

ಇಲ್ಲೇ ಒಂದು ಮಾತು. 250 ಕೆ.ಜಿ. ಎಂಬ ಸಂಖ್ಯೆ ನೋಡಿ ಇದರಲ್ಲಿ ಮನುಷ್ಯ ನೇತಾಡಬಹುದು ಎಂದುಕೊಳ್ಳಬೇಡಿ. ಅದು ನಿಧಾನವಾಗಿ, ನೇರವಾಗಿ ಎಳೆದಾಗಿನ ಲೆಕ್ಕ. ಬೀಳುವ ದೇಹದ ಜಗ್ಗು, ಗಂಟು, ಬಂಡೆಯ ಅಂಚು ಮೂರೂ ಸೇರಿದರೆ ಅದು ನಿಲ್ಲುವುದಿಲ್ಲ. ಅಡಿಕೆ ಮರ ಹತ್ತಲು, ಅಬ್ಬಿ ಇಳಿಯಲು, ಬಾವಿಗೆ ಇಳಿಯಲು ಇದು ಹಗ್ಗವೇ ಅಲ್ಲ.

ತುದಿ ಚುಚ್ಚುತ್ತದೆ, ಇಲ್ಲವೇ ಕಿತ್ತು ಬರುತ್ತದೆ

ಚುಚ್ಚಿದರೆ ಕರಗಿದ ಹನಿ ಚೂಪಾಗಿ ಗಟ್ಟಿಯಾಗಿದೆ. ಉಗುರು ಉಜ್ಜುವ ಅರದಿಂದ ಉಜ್ಜಿ. ಬಿಳಿ ದಾರದ ತುದಿ ಕಪ್ಪಾಗಿದ್ದರೆ ಲೈಟರಿನ ಹಳದಿ ಉರಿಯ ಮಸಿ ಅದು, ಉರಿಯ ಬುಡದ ನೀಲಿ ಭಾಗಕ್ಕೆ ಹಿಡಿಯಿರಿ. ತುದಿಯಲ್ಲಿ ಹೊರ ಚೀಲ ಮಾತ್ರ ಕರಗಿ ಒಳ ಎಳೆಗಳು ಒಳಕ್ಕೆ ಸರಿದುಕೊಂಡಿದ್ದರೆ ಅಲ್ಲಿ ಖಾಲಿ ಟೊಳ್ಳು ಇರುತ್ತದೆ, ಅದು ಬೇಗ ಜಾರುತ್ತದೆ. ಕತ್ತರಿಸಿ, ಎಳೆಯೂ ಚೀಲವೂ ಒಂದೇ ಸಮಕ್ಕೆ ಬಂದ ಮೇಲೆ ಕರಗಿಸಿ.

ತುದಿ ಕಿತ್ತು ಬರಬಾರದು ಎಂದು ಪಟ್ಟಿಯ ಮೇಲೆಯೇ ಮೆತ್ತುವುದು ನಾನು ಒಪ್ಪದ ಪದ್ಧತಿ. ಕೊಡಚಾದ್ರಿಯಲ್ಲಿ ನಮಗಾದದ್ದು ಅದರಿಂದಲೇ. ತುದಿಯನ್ನು ಮಾತ್ರ ಬಿಡಿಯಾಗಿ ಕರಗಿಸಿ, ಆರಲು ಬಿಡಿ. ಆಮೇಲೆ ದಬ್ಬಳದಿಂದ ದಾರಿ ಮಾಡಿ ಹಿಂಬದಿಯ ಎರಡು ಮೂರು ಗಂಟುಗಳ ಅಡಿಗೆ ತೂರಿಸಿ. ಗಟ್ಟಿ ಹನಿಯೇ ಬಿರಡೆಯ ಹಾಗೆ ಹಿಡಿದುಕೊಳ್ಳುತ್ತದೆ. ಎರಡು ವರ್ಷದಿಂದ ದಿನವೂ ಹಾಕುವ ನನ್ನ ಪಟ್ಟಿಯ ತುದಿ ಹೀಗೇ ಇದೆ, ಒಮ್ಮೆಯೂ ಹೊರಬಂದಿಲ್ಲ. ಬೇಕೆಂದಾಗ ಉಗುರಲ್ಲಿ ಎತ್ತಿದರೆ ಬರುತ್ತದೆ.

ಬಕಲ್ ತಾನಾಗಿ ತೆರೆದುಕೊಳ್ಳುತ್ತದೆ

ಕೊಂಡಿಯ ಎರಡು ರೆಕ್ಕೆಗಳಲ್ಲಿ ಒಂದು ಬಿರುಕು ಬಿಟ್ಟಿರುತ್ತದೆ, ಇಲ್ಲವೇ ಒಳಗೆ ಕೆಮ್ಮಣ್ಣು ಕೂತಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಮತ್ತೆ ಹಾಕಿ ನೋಡಿ. 'ಟಕ್' ಎಂಬ ಸದ್ದು ಎರಡೂ ಕಡೆ ಒಟ್ಟಿಗೆ ಬರಬೇಕು. ಬಿರುಕಿದ್ದರೆ ಬದಲಿಸಿ, ಅಂಟು ನಿಲ್ಲುವುದಿಲ್ಲ. ಬಾಗಿದ ಬಕಲಿನ ಎರಡು ಭಾಗಗಳನ್ನು ಒಂದು ಮೇಲ್ಮುಖ, ಒಂದು ಕೆಳಮುಖವಾಗಿ ಹೆಣೆದುಬಿಟ್ಟರೂ ಹೀಗಾಗುತ್ತದೆ. ಶುರು ಮಾಡುವ ಮುಂಚೆ ಎರಡನ್ನೂ ಕೂಡಿಸಿ ನೋಡಿಕೊಳ್ಳಿ.

ಪ್ಲಾಸ್ಟಿಕ್ ಬೇಡ, ಉಕ್ಕಿನ ಕೊಂಡಿಯೇ ಇರಲಿ ಎಂದು ಕೆಲವರು ಕೇಳುತ್ತಾರೆ. ನಾನು ಪ್ಲಾಸ್ಟಿಕ್ಕನ್ನೇ ಹಾಕುತ್ತೇನೆ. ಕೈ ಎಲ್ಲಾದರೂ ಸಿಕ್ಕಿಕೊಂಡರೆ ದಾರಕ್ಕಿಂತ ಮೊದಲು ಬಕಲ್ ಬಿಟ್ಟುಕೊಡಲಿ. ಅದನ್ನು ನಂಬಿಕೊಂಡು ಅಡಿಕೆ ಸುಲಿಯುವ ಯಂತ್ರದ ಹತ್ತಿರ, ಕಳೆ ಕೊಚ್ಚುವ ಯಂತ್ರದ ಹತ್ತಿರ, ಬೈಕಿನ ಚೈನ್ ಸರಿಮಾಡುವಾಗ ಕೈಪಟ್ಟಿ ಹಾಕಿರಬೇಡಿ. ಹರಿಯದ ದಾರ ಕೈಯನ್ನೇ ಒಳಗೆಳೆಯುತ್ತದೆ. ದಯವಿಟ್ಟು ತೆಗೆದಿಡಿ.

ವಾಸನೆ, ಬೂಷ್ಟು, ತುರಿಕೆ

ನೈಲಾನನ್ನು ಬೂಷ್ಟು ತಿನ್ನುವುದಿಲ್ಲ. ಗಂಟುಗಳ ನಡುವೆ ಸೇರಿದ ಬೆವರು, ಮಣ್ಣು, ಚರ್ಮದ ಪುಡಿಯ ಮೇಲೆ ಅದು ಬೆಳೆಯುತ್ತದೆ. ಆಷಾಢದಲ್ಲಿ ಪೆಟ್ಟಿಗೆಯೊಳಗಿನ ಚರ್ಮದ ಬೆಲ್ಟಿಗೇ ಬೂಷ್ಟು ಬರುತ್ತದೆ, ದಿನವೂ ಒದ್ದೆಯಾಗುವ ಪಟ್ಟಿಗೆ ಬಾರದೆ ಇರುತ್ತದೆಯೇ? ಅಂಟುವಾಳದ ನೊರೆಯಲ್ಲೋ ಸಾದಾ ಸೋಪಿನಲ್ಲೋ ನೆನೆಸಿ, ಬ್ರಷ್ ಹಾಕಿ, ಚೆನ್ನಾಗಿ ಜಾಲಿಸಿ. ಅಡಿಕೆ ಚೊಗರಿನ ಕಲೆ ಹೋಗುವುದಿಲ್ಲ, ಅದಕ್ಕಾಗಿ ಬ್ಲೀಚ್ ಹಾಕಬೇಡಿ. ಬ್ಲೀಚ್ ನೈಲಾನಿನ ಬಲ ಕೆಡಿಸುತ್ತದೆ. ಬ್ಯಾಟರಿಯ ಆಸಿಡ್ ತಗುಲಿದ ದಾರವನ್ನಂತೂ ನಂಬಲೇಬೇಡಿ.

ಒಣಗಿಸುವುದೇ ಕಷ್ಟದ ಕೆಲಸ. ನಮ್ಮ ಮನೆಗಳಲ್ಲಿ ಮಳೆಗಾಲದ ಬಟ್ಟೆಯೆಲ್ಲ ಬಚ್ಚಲೊಲೆಯ ಮೇಲೆ ಒಣಗುತ್ತದೆ. ಪಟ್ಟಿಯನ್ನೂ ಅಲ್ಲೇ ನೇತುಹಾಕಿ, ಆದರೆ ಬೆಂಕಿಯ ನೇರಕ್ಕೆ ಬೇಡ, ಬಟ್ಟೆಗಳ ಸಾಲಿನ ಕೊನೆಗೆ. ಕಿಡಿ ತಗುಲಿದ ಜಾಗ ಗಟ್ಟಿಯಾಗಿ ಹೊಳೆಯುತ್ತದೆ. ಅಲ್ಲಿ ಚೀಲ ಕರಗಿದೆ ಎಂದರ್ಥ.

ಮಣಿಕಟ್ಟು ಉರಿಯುತ್ತಿದ್ದರೆ ಇಂಬಳಕ್ಕೆಂದು ಹಚ್ಚಿದ ಸುಣ್ಣ ಪಟ್ಟಿಯೊಳಗೆ ಸೇರಿದೆಯೇ ನೋಡಿ. ಒದ್ದೆ ಪಟ್ಟಿಯ ಅಡಿಯಲ್ಲಿ ಸುಣ್ಣ ನಿಂತರೆ ಚರ್ಮ ಸುಡುತ್ತದೆ. ಸುಣ್ಣ ಹಚ್ಚುವ ಮೊದಲು ಪಟ್ಟಿ ತೆಗೆದು ಚೀಲದ ಹಿಡಿಗೆ ಸಿಕ್ಕಿಸಿ. ಅಲ್ಲಿದ್ದರೂ ಕೈಗೆ ಸಿಗುತ್ತದೆ.

ಬೇಕಾದಾಗ ಬಿಚ್ಚುವುದಿಲ್ಲ

ಎಲ್ಲಕ್ಕಿಂತ ದೊಡ್ಡ ದೋಷ ಇದೇ. ಅಂಗಡಿಯಲ್ಲಿ ಕೊಳ್ಳುವಾಗ ಇದನ್ನು ಯಾರೂ ನೋಡುವುದಿಲ್ಲ.

ಪರೀಕ್ಷೆಗೆ ನಾನು ಹೀಗೆ ಮಾಡುತ್ತೇನೆ. ಪಟ್ಟಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕುತ್ತೇನೆ. ಬೆಳಿಗ್ಗೆ ಕೈಯನ್ನೂ ತಣ್ಣೀರಿನಲ್ಲಿ ಅದ್ದಿ, ಬೆರಳು ಮರಗಟ್ಟಿದ ಮೇಲೆ ಬಿಚ್ಚಲು ಕೂರುತ್ತೇನೆ. ಚಾಕು ಇಲ್ಲ, ದಬ್ಬಳ ಇಲ್ಲ. ಗಡಿಯಾರ ಮುಂದಿಟ್ಟುಕೊಳ್ಳುತ್ತೇನೆ. ಹತ್ತು ನಿಮಿಷದಲ್ಲಿ ಪೂರ್ತಿ ಬಿಚ್ಚಿದರೆ ಪಟ್ಟಿ ಪಾಸು.

ಪಾಸಾಗದಿದ್ದರೆ ಎಲ್ಲಿ ಸಿಕ್ಕಿಕೊಂಡಿತು ಎಂದು ನೋಡಿ. ತುದಿಯೇ ಸಿಗದಿದ್ದರೆ ಮೇಲೆ ಹೇಳಿದ ಹಾಗೆ ತುದಿಯನ್ನು ಬೇರೆ ಮಾಡಿ. ಬಿಚ್ಚುವಾಗ ಮೊದಲು ಸಿಗುವ ನಾಲ್ಕೈದು ಗಂಟು ಮಾತ್ರ ಕಲ್ಲಾಗಿದ್ದರೆ ಮುಗಿಸುವ ಹೊತ್ತಿಗೆ ಭಯದಿಂದ ಜಾಸ್ತಿ ಬಿಗಿದಿದ್ದೀರಿ, ಎಲ್ಲರೂ ಮಾಡುವುದೇ ಅದು. ಎಲ್ಲ ಗಂಟೂ ಬಿಗಿಯಾಗಿದ್ದರೆ ಒಣ ನೈಲಾನನ್ನು ಪೂರ್ತಿ ಬಲ ಹಾಕಿ ಬಿಗಿದದ್ದು. ನೀರು ಕುಡಿದ ಮೇಲೆ ಅದು ಉಬ್ಬಿ ಒಂದನ್ನೊಂದು ಒತ್ತಿಹಿಡಿಯುತ್ತದೆ. ಸ್ವಲ್ಪ ಕೈ ಸಡಿಲಿಸಿ ಮತ್ತೆ ಹೆಣೆಯಿರಿ.

ಕೆಲವರಿಗೆ ಹತ್ತು ನಿಮಿಷವೂ ಜಾಸ್ತಿ. ಅವರಿಗೆ ಸರಪಳಿ ಹೆಣಿಗೆ ಸರಿ. ಕ್ರೋಶಾ ಹಾಕುವವರಿಗೆ ಇದು ಹೊಸದಲ್ಲ, ಒಂದು ಕುಣಿಕೆಯೊಳಗಿಂದ ಮುಂದಿನ ಕುಣಿಕೆ ಎಳೆಯುತ್ತಾ ಹೋಗುವುದು. ಒಂದೊಂದೂ ಜೀರುಗುಣಿಕೆ. ತುದಿ ಎಳೆದರೆ ಸರ್ರನೆ ಇಡೀ ಪಟ್ಟಿ ಬಿಚ್ಚುತ್ತದೆ. ಇದರ ದೋಷ ತಿರುಗುಮುರುಗು, ಬೇಡದಾಗಲೂ ಬಿಚ್ಚಿಕೊಳ್ಳುತ್ತದೆ. ಹಾಗಾದರೆ ಕೊನೆಯ ಕುಣಿಕೆಯನ್ನು ನೋಡಿ. ದಾರದ ತುದಿಯನ್ನು ಅದರೊಳಗೆ ಪೂರ್ತಿ ತೂರಿಸಿ ಎಳೆದರೆ ಬೀಗ ಬಿದ್ದಂತೆ. ಮರೆತವರ ಪಟ್ಟಿ ದಾರಿಯಲ್ಲೇ ಉದುರುತ್ತದೆ. ಇದರಲ್ಲಿ ಹಿಡಿಯುವ ದಾರ ಕೋಬ್ರಾಗಿಂತ ಕಡಿಮೆ ಎಂಬುದೂ ನೆನಪಿರಲಿ.

ಬಿಚ್ಚಿದ ದಾರವನ್ನು ಮತ್ತೆ ಹೆಣೆಯುವ ಮುಂಚೆ ಒಂದು ಸಲ ಹೆಬ್ಬೆರಳು ತೋರುಬೆರಳ ನಡುವೆ ಉದ್ದಕ್ಕೂ ಎಳೆಯಿರಿ. ಎಲ್ಲಾದರೂ ಒಳಗೆ ಗಂಟಾದಂತೆ, ಖಾಲಿಯಾದಂತೆ ಅನಿಸಿದರೆ ಅಲ್ಲಿ ಎಳೆ ಹರಿದಿದೆ ಅಥವಾ ಸರಿದಿದೆ. ಹೊರ ಚೀಲದಲ್ಲಿ ಜುಮುರು ಎದ್ದು ಬಿಳಿ ಎಳೆ ಇಣುಕಿದರೆ, ಬಿಸಿಲಿಗೆ ಬಣ್ಣ ಮಾಸಿ ದಾರ ಬಿರುಸಾಗಿದ್ದರೆ, ಆ ದಾರದ ಕಾಲ ಮುಗಿಯಿತು. ಬಿಸಿಲು ನೈಲಾನಿನ ಬಲವನ್ನು ಕೊಲ್ಲುತ್ತದೆ. ಅಂಥ ದಾರವನ್ನು ನಾನು ಕೈಗೆ ಕಟ್ಟುವುದಿಲ್ಲ, ಸೌತೆ ಚಪ್ಪರಕ್ಕೆ ಕಟ್ಟುತ್ತೇನೆ. ತಂಗಿಯ ಮಗಳ ಆ ತಿರುಚಿದ ಪಟ್ಟಿಯ ದಾರ ಹಾಗಿರಲಿಲ್ಲ. 7 ಎಳೆ ಇದ್ದ ಒಳ್ಳೆಯ ದಾರ. ಪೂರ್ತಿ ಬಿಚ್ಚಿಸಿ, ನೆನೆಸಿ, ಒಣಗಿಸಿ ಕೊಟ್ಟೆ. ಮಾರನೇ ದಿನ ಉಬ್ಬು ನೋಡಿಕೊಂಡು ಅವಳೇ ಹೆಣೆದಳು. ಹಸಿರು ಕೊನೆಯವರೆಗೂ ಮುಂದೆಯೇ ಇತ್ತು.